ಆಮೆ ಗಂಡೋ ಹೆಣ್ಣೋ: ಬಾಲದಿಂದ ಶುರು ಮಾಡೋಣ

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನ ಗೆಳತಿಯ ಮನೆಯಲ್ಲಿ ಒಂದು ಆಮೆ ಇದೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ರೆಡ್ ಇಯರ್ಡ್ ಸ್ಲೈಡರ್. ಮಾರಿದವರು ಗಂಡು ಅಂದಿದ್ದರು. ಮನೆಯವರೆಲ್ಲ ಆರು ವರ್ಷ ಅದನ್ನು ರಾಜು ಅಂತಲೇ ಕರೆದರು. ಒಂದು ಬೆಳಿಗ್ಗೆ ನೋಡಿದರೆ ತೊಟ್ಟಿಯ ನೀರಲ್ಲಿ ಮೂರು ಬಿಳಿ ಮೊಟ್ಟೆ!

ಗಂಡಿನ ಜೊತೆ ಇಲ್ಲದೆಯೂ ಹೆಣ್ಣಾಮೆ ಮೊಟ್ಟೆ ಇಡುತ್ತದೆ. ಅದರಿಂದ ಮರಿ ಆಗುವುದಿಲ್ಲ ಅಷ್ಟೇ. ಆದರೆ ತೋಡಲು ಮಣ್ಣು ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಜೀವಕ್ಕೆ ಕುತ್ತು ಬರಬಹುದು. ಗಂಡು ಹೆಣ್ಣು ತಿಳಿಯಬೇಕಾದದ್ದು ಸುಮ್ನೆ ಹೆಸರಿಡೋಕೆ ಅಲ್ಲ, ಇದಕ್ಕೆ.

ಗುರುತುಗಳನ್ನು ಕಲಿಯೋಕೆ ಬಾಕ್ಸ್ ಆಮೆ ಒಳ್ಳೆಯದು. ಇದು ಉತ್ತರ ಅಮೆರಿಕದ ಪ್ರಾಣಿ. ಹೊಟ್ಟೆಚಿಪ್ಪಿನಲ್ಲಿ ಅಡ್ಡಲಾಗಿ ಒಂದು ಕೀಲು ಇರುತ್ತದೆ. ಹೆದರಿದರೆ ತಲೆ, ಕಾಲು ಒಳಗೆಳೆದುಕೊಂಡು ಡಬ್ಬಿಯ ಹಾಗೆ ಮುಚ್ಚಿಕೊಳ್ಳುತ್ತದೆ.

ಮೊದಲು ಬಾಲ ನೋಡಿ. ಗಂಡಿನ ಬಾಲ ಉದ್ದ, ಬುಡದಲ್ಲಿ ದಪ್ಪ. ಅದರ ಜನನಾಂಗ ಬಾಲದ ಬುಡದೊಳಗೇ ಇರುತ್ತದೆ, ಅದಕ್ಕೇ ಆ ದಪ್ಪ. ಬಾಲದ ಅಡಿಯಲ್ಲಿರುವ ದ್ವಾರವೂ ಗಂಡಿನಲ್ಲಿ ತುದಿಯ ಕಡೆಗೆ, ಮೇಲ್ಚಿಪ್ಪಿನ ಅಂಚು ದಾಟಿ ಇರುತ್ತದೆ. ಹೆಣ್ಣಿನ ಬಾಲ ಗಿಡ್ಡ, ತೆಳು. ದ್ವಾರ ಚಿಪ್ಪಿನ ಅಂಚಿನ ಒಳಗೇ, ಮೈಗೆ ಹತ್ತಿರ. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದ ಗುರುತು ಇದೇ.

ಆಮೇಲೆ ಹೊಟ್ಟೆಚಿಪ್ಪು. ಗಂಡಿನಲ್ಲಿ ಹಿಂಭಾಗ ತುಸು ಒಳಗೆ ತಗ್ಗಿರುತ್ತದೆ. ಕೂಡುವಾಗ ಹೆಣ್ಣಿನ ಗುಮ್ಮಟದಂಥ ಬೆನ್ನ ಮೇಲೆ ಜಾರದೆ ನಿಲ್ಲಬೇಕಲ್ವಾ? ಬರೀ ಕಣ್ಣಿಗೆ ಈ ತಗ್ಗು ಮೋಸ ಮಾಡುತ್ತದೆ. ಸ್ಟೀಲ್ ಸ್ಕೇಲನ್ನು ಹೊಟ್ಟೆಯ ಮೇಲೆ ಅಡ್ಡ ಇಟ್ಟು ಪಕ್ಕದಿಂದ ನೋಡಿ. ಸ್ಕೇಲಿನ ಕೆಳಗೆ ಬೆಳಕು ಕಂಡರೆ ತಗ್ಗಿದೆ ಅಂತ. ಹೆಣ್ಣಿನದು ಚಪ್ಪಟೆ, ಇಲ್ಲವೆ ಸ್ವಲ್ಪ ಉಬ್ಬು. ಮೂರು ಬೆರಳಿನ ಬಾಕ್ಸ್ ಆಮೆಯಲ್ಲಿ ಮಾತ್ರ ಗಂಡಿನಲ್ಲೂ ತಗ್ಗು ಬಹಳ ಕಮ್ಮಿ, ಅಲ್ಲಿ ಇದೊಂದನ್ನೇ ನಂಬಬೇಡಿ. ಆಮೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನ ವಾಲಿಸಿ. ನೋಡಿದ ಕೂಡಲೇ ನೆಲಕ್ಕೆ ಬಿಡಿ. ಅಂಗಾತ ಜಾಸ್ತಿ ಹೊತ್ತು ಇಟ್ಟರೆ ಅದಕ್ಕೆ ಉಸಿರಾಡೋದು ಕಷ್ಟ.

ಹಿಂಗಾಲಿನ ಉಗುರೂ ಹೇಳುತ್ತದೆ. ಹೆಣ್ಣಿನ ಚಿಪ್ಪಿಗೆ ಕೊಕ್ಕೆ ಹಾಕೋಕೆ ಗಂಡಿನದು ಗಿಡ್ಡ, ದಪ್ಪ, ಬಾಗಿದ ಉಗುರು. ಹೆಣ್ಣಿನದು ನೇರ, ತೆಳು.

ಎಲ್ಲರೂ ಮೊದಲು ನೋಡೋದು ಕಣ್ಣಿನ ಬಣ್ಣವನ್ನು. ನಾನು ಅದನ್ನು ಕೊನೆಗೆ ಇಡುತ್ತೇನೆ. ಈಸ್ಟರ್ನ್ ಬಾಕ್ಸ್ ಆಮೆಯ ಗಂಡಿಗೆ ಸಾಮಾನ್ಯವಾಗಿ ಕೆಂಪು ಕಣ್ಣು, ಹೆಣ್ಣಿಗೆ ಕಂದು. ಆದರೆ ಕಂದು ಕಣ್ಣಿನ ಗಂಡುಗಳೂ ಇವೆ, ಕೆಂಪು ಛಾಯೆಯ ಹೆಣ್ಣುಗಳೂ ಇವೆ. ಬಾಲ, ಹೊಟ್ಟೆ, ಉಗುರು ಮೂರೂ ಒಂದೇ ಮಾತು ಹೇಳಿದರೆ ಕಣ್ಣು ಯಾವ ಬಣ್ಣದ್ದಿದ್ದರೂ ಪರವಾಗಿಲ್ಲ.

ಮರಿಗಳಲ್ಲಿ ಇವು ಯಾವುವೂ ಕಾಣುವುದಿಲ್ಲ. ಹಲವು ವರ್ಷ ಕಾಯಬೇಕು. ಅಂಗೈಯಲ್ಲಿ ಹಿಡಿಯುವ ಮರಿಯನ್ನು ನೋಡಿ ಯಾರಾದರೂ ಗಂಡು ಅಂದರೆ ಅದು ಊಹೆ. ಇನ್ನೊಂದು ಸೋಜಿಗ ನೋಡಿ: ಬಾಕ್ಸ್ ಆಮೆಗೆ ನಮ್ಮ ಹಾಗೆ ಎಕ್ಸ್, ವೈ ಕ್ರೋಮೋಸೋಮ್ ಇಲ್ಲ. ಗೂಡಿನ ಕಾವೇ ತೀರ್ಮಾನ ಮಾಡುತ್ತದೆ. ಸುಮಾರು 27 ಡಿಗ್ರಿವರೆಗೆ ಹೆಚ್ಚಾಗಿ ಗಂಡು, ಅದಕ್ಕಿಂತ ಬೆಚ್ಚಗಿದ್ದರೆ ಹೆಣ್ಣು.

ಸ್ಲೈಡರ್‌ನಲ್ಲಿ ಒಂದು ಗುರುತು ತಿರುಗುಮುರುಗು. ಅಲ್ಲಿ ನೋಡಬೇಕಾದದ್ದು ಮುಂಗಾಲು. ಬೆಳೆದ ಗಂಡಿನ ಮುಂಗಾಲಿನ ಉಗುರು ಬಲು ಉದ್ದ. ಹೆಣ್ಣಿನ ಮುಖದ ಮುಂದೆ ಅದನ್ನು ನಡುಗಿಸಿ ಒಲಿಸಿಕೊಳ್ಳುತ್ತದೆ. ಮೈಯಲ್ಲಿ ಹೆಣ್ಣೇ ದೊಡ್ಡದು. ರಾಜುವಿನ ಉಗುರು ಗಿಡ್ಡ, ಬಾಲವೂ ಗಿಡ್ಡ. ನಾವು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಅಭ್ಯಾಸಕ್ಕೆ ಅಂತ ಘಟಪ್ರಭಾ ಕಾಲುವೆಯಿಂದ ಆಮೆ ಹಿಡಿದು ತರಬೇಡಿ. ನಮ್ಮ ಕಡೆಯ ನೀರಿನ ಆಮೆಗೂ ನಕ್ಷತ್ರ ಆಮೆಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮನೆಯಲ್ಲಿ ಇಟ್ಟರೆ ಅಪರಾಧ. ಹಾಗೆಯೇ ಬೇಜಾರಾಯಿತು ಅಂತ ಸ್ಲೈಡರನ್ನು ಕೋಟೆ ಕೆರೆಗೆ ಬಿಡುವುದೂ ತಪ್ಪು. ಅದು ಇಲ್ಲಿನ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎರಡನ್ನೂ ಕಸಿಯುತ್ತದೆ.

ಗೆಳತಿಯ ಮನೆಯಲ್ಲಿ ಈಗ ತೊಟ್ಟಿಯ ಪಕ್ಕ ಒದ್ದೆ ಮರಳಿನ ಒಂದು ಬುಟ್ಟಿ ಇದೆ. ರಾಜು ಹಿಂಗಾಲಲ್ಲಿ ಗುಂಡಿ ತೋಡಿ ಅಲ್ಲೇ ಮೊಟ್ಟೆ ಇಡುತ್ತದೆ.