ಪ್ರೊಸೆಸರ್‌ಗೆ ಗೊತ್ತಿರುವುದು ಎರಡೇ ಹಂತ

ವರ್ಚುವಲ್ ಮಷಿನ್ (ವಿಎಂ) ಅಂದರೆ ನಿಜವಾದ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಸೃಷ್ಟಿಸಿದ ತೋರಿಕೆಯ ಕಂಪ್ಯೂಟರ್. ಅದರೊಳಗೆ ಇನ್ನೊಂದು ವರ್ಚುವಲ್ ಮಷಿನ್ ಓಡಿಸಲು ಹೊರಟವರು ಮೊದಲು ಕೇಳುವುದು, "ಈ ಪ್ರೊಸೆಸರ್‌ನಲ್ಲಿ ಅದಕ್ಕೆ ಸಪೋರ್ಟ್ ಇದೆಯಾ?" ಎಂದು. ಇದೆ ಅಂದ ತಕ್ಷಣ, ಚಿಪ್ ಒಳಗೆ ಹಂತ ಹಂತವಾಗಿ ಬೇರೆ ಬೇರೆ ಸರ್ಕ್ಯೂಟ್ ಇರಬೇಕು ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ವಿಎಂ ಓಡಿಸಲೆಂದೇ ಇಂಟೆಲ್ ತನ್ನ ಚಿಪ್‌ಗಳಲ್ಲಿ 2005ರಲ್ಲಿ ತಂದ ವಿಟಿ-ಎಕ್ಸ್ ಸೌಲಭ್ಯ ಆಗಲಿ, ಮರುವರ್ಷ ಬಂದ ಎಎಂಡಿ-ವಿ ಆಗಲಿ, ಅವಕ್ಕೆ ಗೊತ್ತಿರುವುದು ಎರಡೇ ಸ್ಥಿತಿ. ವಿಎಂಗಳನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಹೈಪರ್‌ವೈಸರ್ ಓಡುತ್ತಿದೆ, ಇಲ್ಲವೇ ಅದರ ಕೆಳಗಿನ ವಿಎಂ, ಅಂದರೆ ಗೆಸ್ಟ್ ಓಡುತ್ತಿದೆ. ಗೆಸ್ಟ್‌ನ ಗೆಸ್ಟ್ ಅನ್ನುವುದು ಅವುಗಳ ಲೆಕ್ಕದಲ್ಲೇ ಇಲ್ಲ.

ಮತ್ತೆ ಕೆಲಸ ನಡೆಯುವುದು ಹೇಗೆ? ಸುಳ್ಳು ಹೇಳಿ.

ಒಳಬಾಡಿಗೆಗೆ ಕೊಟ್ಟ ಮನೆಯನ್ನು ನೆನೆಸಿಕೊಳ್ಳಿ. ಒಳಗಿರುವವನ ನಲ್ಲಿ ಕೆಟ್ಟರೆ, ಅವನು ಮಾಡಿದ ಫೋನ್ ಸೀದಾ ನಿಜವಾದ ಮಾಲೀಕನಿಗೇ ಹೋಗುತ್ತದೆ. ಮಾಲೀಕ ಅದನ್ನು ಬಾಡಿಗೆದಾರನಿಗೆ ದಾಟಿಸುತ್ತಾನೆ. ಬಾಡಿಗೆದಾರ ತಾನೇ ಮಾಲೀಕ ಎನ್ನುವ ಗತ್ತಿನಲ್ಲಿ ಹೋಗಿ ವಾಲ್ವ್ ತಿರುಗಿಸುತ್ತಾನೆ. ಆದರೆ ಅದು ತೋರಿಕೆಯ ವಾಲ್ವ್. ಅವನು ಇಲ್ಲಿ ತಿರುಗಿಸಿದಾಗಲೆಲ್ಲ ಮಾಲೀಕ ಅಲ್ಲಿ ನಿಜವಾದದ್ದನ್ನು ತಿರುಗಿಸಬೇಕು.

ಈ ಕ್ಷೇತ್ರದವರು ಮಾಲೀಕನನ್ನು ಎಲ್0, ಬಾಡಿಗೆದಾರನನ್ನು ಎಲ್1, ಒಳಬಾಡಿಗೆಯವನನ್ನು ಎಲ್2 ಅನ್ನುತ್ತಾರೆ. ಇಂಟೆಲ್‌ನಲ್ಲಿ ಪ್ರತಿ ಗೆಸ್ಟ್‌ನ ಸ್ಥಿತಿಗತಿ ವಿಎಂಸಿಎಸ್ ಎಂಬ ದಾಖಲೆಯಲ್ಲಿರುತ್ತದೆ. ಎಲ್2ಗಾಗಿ ಎಲ್1 ಒಂದು ವಿಎಂಸಿಎಸ್ ಬರೆಯುತ್ತದೆ. ನಿಜವಾದ ಪ್ರೊಸೆಸರ್ ಅದನ್ನು ನೋಡುವುದೇ ಇಲ್ಲ! ಅದನ್ನೂ ತಾನು ಎಲ್1ಗಾಗಿ ಇಟ್ಟುಕೊಂಡಿದ್ದನ್ನೂ ಬೆರೆಸಿ ಎಲ್0 ಮೂರನೆಯದೊಂದನ್ನು ತಯಾರಿಸುತ್ತದೆ. ಪ್ರೊಸೆಸರ್ ಎಲ್2ವನ್ನು ಓಡಿಸುವುದು ಈ ಮೂರನೆಯದರ ಮೇಲೆ. ಅಂದರೆ ಎಲ್1, ಎಲ್2 ಎರಡೂ ಎಲ್0 ಕೆಳಗೆ ಅಕ್ಕಪಕ್ಕ ಇರುವ ಗೆಸ್ಟ್‌ಗಳು, ಅಷ್ಟೇ.

ತೊಂದರೆ ವೇಗದ್ದು. ಎಲ್2 ಎಲ್ಲೋ ತಡೆದು ನಿಂತರೆ ನಿಯಂತ್ರಣ ಎಲ್0ಗೆ ಬರುತ್ತದೆ. ಎಲ್0 ಎಲ್1ನ್ನು ಎಬ್ಬಿಸುತ್ತದೆ. ಯಾಕೆ ನಿಂತಿತು ಎಂದು ತಿಳಿಯಲು ಎಲ್1 ತನ್ನ ವಿಎಂಸಿಎಸ್ ಓದಬೇಕು. ಅದಕ್ಕಿರುವ ಆದೇಶ ವಿಎಂರೀಡ್, ಬರೆಯಲು ವಿಎಂರೈಟ್. ಗೆಸ್ಟ್ ಒಳಗಿಂದ ಈ ಆದೇಶ ಕೊಟ್ಟರೆ ಪ್ರತಿ ಸಲವೂ ನಿಯಂತ್ರಣ ಮತ್ತೆ ಎಲ್0ಗೆ ಜಿಗಿಯುತ್ತದೆ. ಓದಿದರೆ ಒಂದು ಜಿಗಿತ, ಬರೆದರೆ ಇನ್ನೊಂದು, ಎಲ್2ವನ್ನು ಮುಂದುವರಿಸು ಅಂದರೆ ಮತ್ತೊಂದು. ಎಲ್2 ನಿಂತಿದ್ದು ಒಂದೇ ಸಲ, ಓಡಾಟ ಹತ್ತಾರು ಸಲ.

ಐಬಿಎಂನ ಹೈಫಾ ಸಂಶೋಧಕರು 2010ರಲ್ಲಿ ಪ್ರಕಟಿಸಿದ 'ಟರ್ಟಲ್ಸ್' ಯೋಜನೆ ಈ ಓಡಾಟದ ಬೆನ್ನು ಹತ್ತಿತು. ಸಾಮಾನ್ಯ ಕೆಲಸಗಳಲ್ಲಿ ಒಂದೇ ಹಂತದ ವಿಎಂಗೆ ಹೋಲಿಸಿದರೆ ಶೇ. 6ರಿಂದ 8ರಷ್ಟು ಮಾತ್ರ ನಷ್ಟ ಎಂದು ತೋರಿಸಿದರು. ಇಂಟೆಲ್ 2013ರ ಹ್ಯಾಸ್ವೆಲ್ ಚಿಪ್‌ಗಳಲ್ಲಿ ವಿಎಂಸಿಎಸ್ ಶ್ಯಾಡೋಯಿಂಗ್ ತಂದಿತು. ಎಲ್0 ಗುರುತು ಹಾಕಿದ ಅಂಶಗಳನ್ನು ಎಲ್1 ಜಿಗಿತವಿಲ್ಲದೆ ಒಂದು ನೆರಳು ಪ್ರತಿಯಲ್ಲೇ ಓದಬಹುದು, ಬರೆಯಬಹುದು. ನಾವು ಕೇಳುವ 'ಸಪೋರ್ಟ್' ಬಹುಪಾಲು ಇಂಥದ್ದು. ಹೊಸ ಹಂತವೇನೂ ಹುಟ್ಟಲಿಲ್ಲ, ಓಡಾಟ ಕಡಿಮೆಯಾಯಿತು. ಎಎಂಡಿಗೆ ಈ ತಲೆನೋವೇ ಇರಲಿಲ್ಲ. ಅವರ ದಾಖಲೆ ಮಾಮೂಲಿ ಮೆಮೊರಿಯಲ್ಲೇ ಇರುತ್ತದೆ, ಸುಮ್ನೆ ಓದಿಕೊಂಡರಾಯಿತು. ನನಗಂತೂ ಅದೇ ಜಾಸ್ತಿ ಜಾಣತನದ ವಿನ್ಯಾಸ ಅನ್ನಿಸುತ್ತದೆ.

ಇದೆಲ್ಲ ಕ್ಲೌಡ್ ಕಾಲದ ಶೋಧ ಅಂದುಕೊಂಡವರಿಗೆ ಒಂದು ಹಳೆಯ ಕಥೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಕೇಂಬ್ರಿಡ್ಜ್‌ನ ಐಬಿಎಂ ಕೇಂದ್ರದಲ್ಲಿ ಸಿಪಿ-67 ಎಂಬ ಹೈಪರ್‌ವೈಸರ್ ಓಡುತ್ತಿತ್ತು. ಐಬಿಎಂನ ಹೊಸ ಕಂಪ್ಯೂಟರ್ ಸಾಲು ಸಿಸ್ಟಮ್/370ಗೆ ಬರಲಿದ್ದ ವರ್ಚುವಲ್ ಮೆಮೊರಿ ಆಗ ಇನ್ನೂ ಗುಟ್ಟು. ಆ ಕಂಪ್ಯೂಟರನ್ನೋ ಸುತ್ತಲಿನ ಕಾಲೇಜಿನ ಹುಡುಗರೂ ಬಳಸುತ್ತಿದ್ದರು. ಗುಟ್ಟು ಹೊರಬೀಳಬಾರದು ಅಲ್ವಾ? ಅದಕ್ಕೇ ಸಿಪಿ-67 ಒಳಗಿನ ವಿಎಂನಲ್ಲಿ ಇನ್ನೊಂದು ಸಿಪಿ-67 ಓಡಿಸಿ, ಅದರೊಳಗೆ ಇನ್ನೂ ಕೈಗೆ ಬಾರದ 370ನ್ನು ಸೃಷ್ಟಿಸಿ, ಆ 370ಯ ಮೇಲೆ ಮತ್ತೊಂದು ಸಿಪಿ ಓಡಿಸಿದರು. 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಇದರ ಷರತ್ತನ್ನು ಗಣಿತದಲ್ಲಿ ಬರೆದಿಟ್ಟರು. ಯಂತ್ರದ ನಿಯಂತ್ರಣಕ್ಕೆ ಸಂಬಂಧಿಸಿದ ಸ್ಥಿತಿಯನ್ನು ಮುಟ್ಟುವ ಪ್ರತಿ ಆದೇಶವೂ ಗೆಸ್ಟ್ ಕೊಟ್ಟಾಗ ತಡೆದು ನಿಂತು, ನಿಯಂತ್ರಣ ಹೈಪರ್‌ವೈಸರ್‌ಗೆ ಹೋಗಬೇಕು.

ನಮ್ಮ ಪಿಸಿಗಳ ಎಕ್ಸ್86 ಪ್ರೊಸೆಸರ್ ಕುಟುಂಬ ಬಹಳ ಕಾಲ ಫೇಲಾದದ್ದು ಇಲ್ಲೇ. ಪೆಂಟಿಯಂನಲ್ಲಿ ಈ ಷರತ್ತಿಗೆ ಒಗ್ಗದ 17 ಆದೇಶಗಳಿವೆ ಎಂದು 2000ದಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿದರು. ಅವುಗಳಲ್ಲಿ ಪಾಪ್ಎಫ್ ಒಂದು. ಅಧಿಕಾರವಿಲ್ಲದ ಪ್ರೋಗ್ರಾಂ ಅದರಿಂದ ಇಂಟರಪ್ಟ್ ಫ್ಲ್ಯಾಗ್, ಅಂದರೆ ಸಾಧನಗಳ ಕರೆಗೆ ಪ್ರೊಸೆಸರ್ ಕಿವಿಗೊಡಬೇಕೋ ಬೇಡವೋ ಎನ್ನುವ ಗುರುತನ್ನು ಬದಲಿಸಲು ಹೋದರೆ ತಡೆಯುವುದೂ ಇಲ್ಲ, ಬದಲಿಸುವುದೂ ಇಲ್ಲ. ಎಲ್ಲ ಸರಿಯಾಗಿದೆ ಎನ್ನುವಂತೆ ಮುಂದೆ ಹೋಗುತ್ತದೆ.

ನಿಮ್ಮ ಲಿನಕ್ಸ್ ಯಂತ್ರದಲ್ಲಿ ಸಿಪಿಯು ಫ್ಲ್ಯಾಗ್‌ಗಳ, ಅಂದರೆ ಪ್ರೊಸೆಸರ್‌ನ ಸೌಲಭ್ಯಗಳ ಪಟ್ಟಿ ತೆರೆದು 'ನೆಸ್ಟೆಡ್' ಎಂದು ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಇಂಟೆಲ್‌ನಲ್ಲಿ ವಿಎಂಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ವಿಎಂ ಒಳಗೆ ಆ ಫ್ಲ್ಯಾಗ್ ಕಾಣದಿದ್ದರೆ ಸುಮ್ಮನೆ ಚಿಪ್ ಬೈಯಬೇಡಿ. ಬಹುಮಟ್ಟಿಗೆ ಅದನ್ನು ಮುಚ್ಚಿಟ್ಟಿರುವುದು ಕೆಳಗಿರುವ ಎಲ್0.