ಚೆರ್ರಿ ಹಣ್ಣು ಫ್ರೀಜರ್‌ನಲ್ಲಿಟ್ಟರೆ ಸೆಪ್ಟೆಂಬರ್‌ವರೆಗೆ ಉಳಿಯುತ್ತಾ?

ಪ್ರಶ್ನೆ: ಕಾಶ್ಮೀರದ ಚೆರ್ರಿ ಎರಡು ಬಾಕ್ಸ್ ತಂದಿದ್ದೇನೆ. ಮಗಳ ಹುಟ್ಟುಹಬ್ಬ ಸೆಪ್ಟೆಂಬರ್‌ನಲ್ಲಿ. ಅವಳ ಕೇಕ್‌ಗೆ ಇದನ್ನೇ ಹಾಕುವ ಆಸೆ. ಹೋದ ವರ್ಷ ಫ್ರೀಜರ್‌ನಲ್ಲಿಟ್ಟಾಗ ಎಲ್ಲ ಒಂದೇ ಗಡ್ಡೆಯಾಗಿತ್ತು, ಹೊರಗೆ ತೆಗೆದ ಮೇಲೆ ಮೆತ್ತಗಾಗಿ ನೀರು ಬಿಟ್ಟಿತು. ಎಲ್ಲಿ ತಪ್ಪಿದೆ?

ಉತ್ತರ: ಧೈರ್ಯವಾಗಿ ಇಡಿ, ಉಳಿಯುತ್ತದೆ. ಗಡ್ಡೆ ಕಟ್ಟದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಮೆತ್ತಗಾಗುವುದನ್ನು ಮಾತ್ರ ಪೂರ್ತಿ ತಡೆಯಲು ಆಗುವುದಿಲ್ಲ.

ಚೆರ್ರಿಯಲ್ಲಿ ಬಹುಪಾಲು ನೀರೇ ಇರುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತದೆ. ಹಣ್ಣಿನೊಳಗೆ ಮಂಜಿನ ಹರಳುಗಳು ಬೆಳೆದು ಅದರ ಜೀವಕೋಶಗಳ ಗೋಡೆಗಳನ್ನು ಹರಿದುಹಾಕುತ್ತವೆ. ಕರಗಿದಾಗ ರಸ ಸೋರುವುದು ಅದಕ್ಕೇ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳು ದೊಡ್ಡದಾಗುತ್ತದೆ, ಬೇಗ ಹೆಪ್ಪುಗಟ್ಟಿದರೆ ಸಣ್ಣದಾಗಿಯೇ ಉಳಿಯುತ್ತದೆ. ಹಾಗಾಗಿ ಎರಡು ಬಾಕ್ಸ್ ಹಣ್ಣನ್ನು ಒಂದೇ ಕವರ್‌ಗೆ ಸುರಿದು ಇಟ್ಟರೆ ನಡುವಿನ ಹಣ್ಣಿಗೆ ತಂಪು ತಾಕುವುದು ತಡವಾಗುತ್ತದೆ. ಹೋದ ವರ್ಷ ಹೀಗೇ ಆಗಿರಬೇಕು, ಅಲ್ವಾ?

ಕಾಶ್ಮೀರ, ಹಿಮಾಚಲದ ಚೆರ್ರಿ ನಮಗೆ ಸಿಗುವುದು ಮೇ ಮಧ್ಯದಿಂದ ಜುಲೈ ಶುರುವಿನವರೆಗೆ ಅಷ್ಟೇ. ಇದು ಮಾವಿನ ಥರ ಕಿತ್ತ ಮೇಲೆ ಹಣ್ಣಾಗುವ ಜಾತಿಯಲ್ಲ. ಬಾಕ್ಸ್‌ನಲ್ಲಿ ಹುಳಿ ಇದ್ದದ್ದು ಮನೆಯಲ್ಲೂ ಹುಳಿಯೇ. ಗಾಢ ಬಣ್ಣದ, ಗಟ್ಟಿ ಹಣ್ಣನ್ನು ಮಾತ್ರ ಆರಿಸಿ. ಒಡೆದದ್ದನ್ನು ಇವತ್ತೇ ತಿಂದುಬಿಡಿ.

ತಣ್ಣೀರಲ್ಲಿ ತೊಳೆದು ತೊಟ್ಟು ಕೀಳಿ. ಆಮೇಲೆ ಹತ್ತಿ ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಈ ಕೆಲಸದಲ್ಲಿ ಅವಸರ ಬೇಡ. ಮೇಲೆ ಉಳಿದ ಹನಿ ನೀರೇ ಹಣ್ಣುಗಳನ್ನು ಒಂದಕ್ಕೊಂದು ಅಂಟಿಸುವ ಗೋಂದು.

ಈಗ ಬೀಜ. ನಾನಂತೂ ತೆಗೆದೇ ಇಡುತ್ತೇನೆ. ಮಿಲ್ಕ್‌ಶೇಕ್‌ಗೆಂದು ಬೀಜದ ಸಮೇತ ಮಿಕ್ಸಿಗೆ ಹಾಕುವ ಅಭ್ಯಾಸ ಖಂಡಿತ ಬೇಡ. ಬೀಜದೊಳಗೆ ಅಮಿಗ್ಡಲಿನ್ ಎಂಬ ವಸ್ತುವಿದೆ. ಅರೆದಾಗ ಅದರಿಂದ ಸಯನೈಡ್ ಹುಟ್ಟುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬಾರದು. ಬೀಜ ತೆಗೆಯಲು ವಿಶೇಷ ಸಾಧನ ಬೇಕಿಲ್ಲ. ಹಣ್ಣನ್ನು ಸಣ್ಣ ಬಾಯಿಯ ಬಾಟಲಿಯ ಮೇಲಿಟ್ಟು, ತೊಟ್ಟು ಇದ್ದ ಕಡೆಯಿಂದ ಸ್ಟೀಲ್ ಸ್ಟ್ರಾ ಒತ್ತಿ. ಬೀಜ ಬಾಟಲಿಗೆ ಬೀಳುತ್ತದೆ. ರಸ ಸಿಡಿದರೆ ಕಲೆ ಹೋಗುವುದು ಕಷ್ಟ, ಹಳೇ ಬಟ್ಟೆ ಹಾಕಿಕೊಳ್ಳಿ.

ತಟ್ಟೆಗೆ ಬಟರ್ ಪೇಪರ್ ಹಾಸಿ, ಹಣ್ಣು ಒಂದಕ್ಕೊಂದು ತಾಗದಂತೆ ಒಂದೇ ಪದರ ಜೋಡಿಸಿ. ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಗೋಲಿಗಳಂತೆ ಬಿಡಿಬಿಡಿಯಾಗಿರುತ್ತವೆ. ಆಗ ಜಿಪ್ ಕವರ್‌ಗೆ ತುಂಬಿ, ಗಾಳಿಯನ್ನೆಲ್ಲ ಒತ್ತಿ ತೆಗೆದು, ತಾರೀಕು ಬರೆಯಿರಿ. ಒಂದು ಸಲಕ್ಕೆ ಬೇಕಾದಷ್ಟನ್ನೇ ಒಂದು ಕವರ್‌ಗೆ ಹಾಕಿದರೆ ಒಳ್ಳೆಯದು.

ಮೈನಸ್ 18 ಡಿಗ್ರಿಯಲ್ಲಿ ಚೆರ್ರಿ ಎಂಟು ಹತ್ತು ತಿಂಗಳು ರುಚಿ ಕೆಡದೆ ಇರುತ್ತದೆ. ನಿಮ್ಮ ಫ್ರೀಜರ್ ಅಷ್ಟು ತಣ್ಣಗಿದೆಯೇ ಎಂದು ತಿಳಿಯಲು ಐಸ್‌ಕ್ರೀಮ್ ಇಟ್ಟು ನೋಡಿ. ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಸಾಕು. ಹಳೆಯ ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಅದು ಮೆತ್ತಗೇ ಇದ್ದರೆ ಸೆಪ್ಟೆಂಬರ್‌ವರೆಗೆ ಕಾಯಬೇಡಿ, ಒಂದು ತಿಂಗಳೊಳಗೆ ಬಳಸಿ.

ಮಳೆಗಾಲ ಅಂದರೆ ಕರೆಂಟ್ ಹೋಗುತ್ತದೆ. ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ಊರಿಂದ ಬಂದು ನೋಡಿದಾಗ ನಾಣ್ಯ ತಳ ಸೇರಿದ್ದರೆ, ಒಳಗಿದ್ದದ್ದೆಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆ ಹಣ್ಣನ್ನು ನಂಬಬೇಡಿ.

ಹುಟ್ಟುಹಬ್ಬದ ದಿನ ಕೇಕ್ ಹಿಟ್ಟಿನೊಳಗೆ ಹಾಕುವುದಾದರೆ ಕರಗಿಸಲೇಬೇಡಿ. ಫ್ರೀಜರ್‌ನಿಂದ ತೆಗೆದವನ್ನು ಹಾಗೇ ಒಂದು ಚಮಚ ಮೈದಾದಲ್ಲಿ ಹೊರಳಿಸಿ ಹಾಕಿ, ಐದು ನಿಮಿಷ ಜಾಸ್ತಿ ಬೇಯಿಸಿ. ಕೇಕ್ ಮೇಲೆ ಅಲಂಕಾರಕ್ಕೆ ಮಾತ್ರ ಇದು ಒಗ್ಗುವುದಿಲ್ಲ, ಕರಗಿ ಕ್ರೀಮ್‌ಗೆ ಬಣ್ಣ ಇಳಿಯುತ್ತದೆ. ಅದಕ್ಕೆ ಒಂದು ಕವರ್ ಹಣ್ಣನ್ನು ಹಿಂದಿನ ದಿನವೇ ಸಕ್ಕರೆ, ನಿಂಬೆರಸದ ಜೊತೆ ಕುದಿಸಿ ಗಟ್ಟಿ ಸಾಸ್ ಮಾಡಿ. ತಣ್ಣಗಾದ ಮೇಲೆ, ಕತ್ತರಿಸಿದ ತುಂಡಿನ ಮೇಲೆ ಮಗಳ ಕೈಯಲ್ಲೇ ಸುರಿಸಿ.