ಸೈಟು ನಿಮ್ಮದು, ಲೆಕ್ಕ ಯಾರದ್ದು?

ದೊಡ್ಡ ಕಂಪನಿಯೊಂದು ಪುಟ್ಟ ಡಿಜಿಟಲ್ ಸುದ್ದಿ ಸಂಸ್ಥೆಯನ್ನು ಕೊಂಡಿತು ಅಂದ ಕೂಡಲೇ ಎಲ್ಲರೂ ಕೇಳುವುದು ಎಷ್ಟಕ್ಕೆ ಅಂತ. ಮಾಧ್ಯಮ ಕಂಪನಿಗಳ ಲೆಕ್ಕಪತ್ರ ನೋಡುವ ನನ್ನಂಥವರಿಗೆ ಕುತೂಹಲ ಬೇರೆ. ನಾಳೆಯಿಂದ ಆ ಸೈಟಿನ ಆದಾಯವನ್ನು ಯಾರ ಖಾತೆಗೆ ಬರೆಯುತ್ತಾರೆ? ಖರ್ಚನ್ನು ಯಾರ ತಲೆಗೆ ಕಟ್ಟುತ್ತಾರೆ?

ಮಾತೃ ಸಂಸ್ಥೆಗೆ ಒಂದು ದಿನಪತ್ರಿಕೆಯೂ ಇದೆ, ಜಾಹೀರಾತು ತಂಡ ಎರಡಕ್ಕೂ ಒಂದೇ ಅಂದುಕೊಳ್ಳಿ. ದೀಪಾವಳಿಗೆ ಒಡವೆ ಅಂಗಡಿಯವರು 10 ಲಕ್ಷ ರೂಪಾಯಿಯ ಆರ್‌ಓ ಕೊಡಲು ಬಂದಿದ್ದಾರೆ. ಆರ್‌ಓ ಅಂದರೆ ರಿಲೀಸ್ ಆರ್ಡರ್, ಜಾಹೀರಾತು ಹಾಕಿ ಅಂತ ಕೊಡುವ ಲಿಖಿತ ಆದೇಶ. ರೇಟು ಇಳಿಸಿ ಅಂತ ಅವರು ಚೌಕಾಸಿಗೆ ಇಳಿದಾಗ ಸೇಲ್ಸ್‌ನವರ ಉತ್ತರ ಸಿದ್ಧ: ‘ವೆಬ್‌ಸೈಟಲ್ಲಿ ಬ್ಯಾನರ್ ಫ್ರೀ ಹಾಕ್ತೀವಿ ಬಿಡಿ ಸಾರ್.’ ಆರ್‌ಓನಲ್ಲಿ ಅದಕ್ಕೆ ‘ವ್ಯಾಲ್ಯೂ ಆ್ಯಡ್’ ಅಂತ ಒಂದು ಸಾಲು, ಮೊತ್ತದ ಜಾಗದಲ್ಲಿ ಸೊನ್ನೆ. ಬ್ಯಾನರ್ ಓಡುತ್ತದೆ, ಕ್ಲಿಕ್ಕೂ ಬರುತ್ತವೆ. 10 ಲಕ್ಷ ಮಾತ್ರ ಪೂರ್ತಿ ಪತ್ರಿಕೆಯ ಖಾತೆಗೆ. ಅದೇ ತಿಂಗಳು ಕಟ್ಟಡದ ಬಾಡಿಗೆ, ಎಚ್‌ಆರ್, ಲೀಗಲ್ ಅಂತ ಗ್ರೂಪಿನ ಖರ್ಚಿನಲ್ಲಿ ಸೈಟಿನ ಪಾಲು ತಪ್ಪದೆ ಬಂದು ಬೀಳುತ್ತದೆ. ವರ್ಷದ ಕೊನೆಗೆ ಬೋರ್ಡ್ ಮೀಟಿಂಗ್‌ನಲ್ಲಿ ‘ಡಿಜಿಟಲ್‌ನಿಂದ ಬರೀ ನಷ್ಟ’ ಅನ್ನುವ ಮಾತು. ಆ ನಷ್ಟ ನಿಜವಾಗಿ ಆಗಿದ್ದೋ, ಹಂಚಿಕೆಯಲ್ಲಿ ಹುಟ್ಟಿದ್ದೋ, ಕೇಳುವವರೇ ಇರುವುದಿಲ್ಲ.

ನ್ಯೂಯಾರ್ಕ್ ಟೈಮ್ಸ್ ಈ ವಿಷಯದಲ್ಲಿ ಜಾಣತನ ತೋರಿಸಿತು. 2022ರ ಆರಂಭದಲ್ಲಿ ‘ದಿ ಅಥ್ಲೆಟಿಕ್’ ಎಂಬ ಕ್ರೀಡಾ ಸುದ್ದಿಯ ಸ್ಟಾರ್ಟಪ್‌ ಅನ್ನು 55 ಕೋಟಿ ಡಾಲರ್‌ಗೆ ಕೊಂಡಿತು. ಆಗ ಅದು ನಷ್ಟದಲ್ಲೇ ಇತ್ತು. ಟೈಮ್ಸ್ ಅದರ ಲೆಕ್ಕವನ್ನು ತನ್ನದರಲ್ಲಿ ಕಲಸಲಿಲ್ಲ. ಬೇರೆಯಾಗಿಯೇ ಇಟ್ಟು ಮೂರು ತಿಂಗಳಿಗೊಮ್ಮೆ ಷೇರುದಾರರ ಮುಂದಿಟ್ಟಿತು. ಸುದ್ದಿ, ಅಡುಗೆ, ಆಟಗಳ ಜೊತೆ ಅಥ್ಲೆಟಿಕ್ ಅನ್ನೂ ಸೇರಿಸಿ ಒಂದೇ ಚಂದಾಕ್ಕೆ ಮಾರಿತು, ಆ ಚಂದಾದಲ್ಲಿ ಒಂದು ಪಾಲನ್ನು ಅಥ್ಲೆಟಿಕ್‌ ಹೆಸರಿಗೆ ಬರೆಯಿತು. 2024ರ ಮೂರನೇ ತ್ರೈಮಾಸಿಕದಲ್ಲಿ ಅಥ್ಲೆಟಿಕ್ ಮೊದಲ ಸಲ ಲಾಭ ಕಂಡಿತು. ಪಾಲು ಎಷ್ಟು ಅಂತ ತೀರ್ಮಾನಿಸಿದ್ದೂ ಮಾತೃ ಸಂಸ್ಥೆಯೇ, ಅದು ಬೇರೆ ಮಾತು. ಈ ನಡುವೆ 2023ರಲ್ಲಿ ಟೈಮ್ಸ್ ತನ್ನದೇ ಕ್ರೀಡಾ ವಿಭಾಗವನ್ನು ಮುಚ್ಚಿತು. ಒಬ್ಬರ ಬೆಳವಣಿಗೆಗೆ ಇನ್ನೊಬ್ಬರು ಜಾಗ ಬಿಡಬೇಕಾಯಿತು.

ಹಫಿಂಗ್ಟನ್ ಪೋಸ್ಟ್ (ಈಗ ಹಫ್‌ಪೋಸ್ಟ್) ಎಂಬ ಅಮೆರಿಕದ ಸುದ್ದಿ ಸೈಟಿನ ಕಥೆ ಉಲ್ಟಾ. 2005ರಲ್ಲಿ ಶುರುವಾದ ಅದನ್ನು 2011ರಲ್ಲಿ ಎಒಎಲ್ ಎಂಬ ಇಂಟರ್ನೆಟ್ ಕಂಪನಿ 31.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಮರುವರ್ಷವೇ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಇಲ್ಲಿವರೆಗೆ ಚೆನ್ನಾಗಿಯೇ ಇತ್ತು. 2015ರಲ್ಲಿ ವೆರೈಝನ್ ಎಂಬ ಫೋನ್ ಕಂಪನಿ ಎಒಎಲ್ ಅನ್ನೇ ಕೊಂಡಿತು. ಅದಕ್ಕೆ ಬೇಕಿದ್ದದ್ದು ಸುದ್ದಿಯಲ್ಲ, ಗೂಗಲ್, ಫೇಸ್‌ಬುಕ್‌ಗೆ ಎದುರು ನಿಲ್ಲುವ ಜಾಹೀರಾತು ವ್ಯಾಪಾರ. ಅದು ಕೈಗೂಡಲಿಲ್ಲ. 2018ರ ಕೊನೆಗೆ ತನ್ನ ಮಾಧ್ಯಮ ವಿಭಾಗದ ಮೌಲ್ಯದಲ್ಲಿ 460 ಕೋಟಿ ಡಾಲರ್ ಅನ್ನು ಲೆಕ್ಕದಿಂದ ಹೊಡೆದುಹಾಕಿತು. 2020ರ ನವೆಂಬರ್‌ನಲ್ಲಿ ಹಫ್‌ಪೋಸ್ಟ್ ಬಝ್‌ಫೀಡ್ ಎಂಬ ಇನ್ನೊಂದು ಡಿಜಿಟಲ್ ಮಾಧ್ಯಮ ಕಂಪನಿಯ ಪಾಲಾಯಿತು. ಬಝ್‌ಫೀಡ್ ಕಟ್ಟಿದ ಜೋನಾ ಪೆರೆಟ್ಟಿ ಹಫ್‌ಪೋಸ್ಟ್‌ ಹುಟ್ಟುಹಾಕಿದವರಲ್ಲೂ ಒಬ್ಬರು. ಬಿಟ್ಟು ಹೋದ ಮನೆಯನ್ನೇ ಮತ್ತೆ ಕೊಂಡಂಗಾಯ್ತು.

ಆ ವ್ಯವಹಾರದ ಬಿಸಿ ಇಲ್ಲಿಗೂ ತಟ್ಟಿತು. ಡಿಜಿಟಲ್ ಸುದ್ದಿಯಲ್ಲಿ ವಿದೇಶಿ ಹೂಡಿಕೆ 26 ಶೇಕಡಾ ದಾಟಬಾರದು, ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು ಅಂತ ನಮ್ಮಲ್ಲಿ 2019ರಲ್ಲಿ ನಿಯಮ ಬಂದಿತ್ತು. ಹೊಸ ಮಾಲೀಕರು ಭಾರತದ ಆವೃತ್ತಿಯನ್ನು ಕೈಗೆ ತೆಗೆದುಕೊಳ್ಳುವಂತಿರಲಿಲ್ಲ. 2020ರ ಆ ನವೆಂಬರ್‌ನಲ್ಲೇ ಹಫ್‌ಪೋಸ್ಟ್ ಇಂಡಿಯಾ ಮುಚ್ಚಿತು. ಇಲ್ಲಿಯ ಪತ್ರಕರ್ತರ ಕೆಲಸ ಕೆಟ್ಟದಾಗಿತ್ತು ಅಂತಲ್ಲ, ಅದು ಲೆಕ್ಕಕ್ಕೇ ಬರಲಿಲ್ಲ.

ಕನ್ನಡದ ಪುಟ್ಟ ಸೈಟು ನಡೆಸುವವರು ಹೂಡಿಕೆಯ ಕರಡು ಒಪ್ಪಂದ ಹಿಡಿದು ಬಂದರೆ ನಾನು ಹೇಳುವುದಿಷ್ಟು. ‘ಫ್ರೀ’ ಬ್ಯಾನರಿಗೂ ನಿಮ್ಮ ರೇಟ್ ಕಾರ್ಡ್ ಪ್ರಕಾರ ಪಾಲು ಬರೆಸಿಕೊಳ್ಳಿ. ಗ್ರೂಪಿನ ಖರ್ಚಿಗೆ ಸೂತ್ರ ಇರಲಿ, ಮಿತಿಯೂ ಇರಲಿ. ಮುಂದೆ ಇನ್ನೊಬ್ಬರಿಗೆ ಮಾರುವುದಾದರೆ ಮೊದಲು ನಿಮ್ಮನ್ನೇ ಕೇಳಬೇಕು ಅಂತ ಹಾಕಿಸಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಸಾಮಾನ್ಯವಾಗಿ ಒಪ್ಪುತ್ತಾರೆ. ಖರ್ಚಿನ ಮಿತಿ ಅಂದ ಕೂಡಲೇ ಅವರ ವಕೀಲರು ಪೆನ್ನು ಕೆಳಗಿಡುತ್ತಾರೆ. ನಿಜವಾದ ಮಾತುಕತೆ ಶುರುವಾಗುವುದು ಅಲ್ಲಿಂದ.